ಸಿಂಹದ ವಂಶದಲ್ಲಿ ಗೆರೆ ಬೀಳುವುದು ಎಲ್ಲಿ? ಏಷ್ಯಾ–ಆಫ್ರಿಕಾ ಮಧ್ಯೆ ಅಲ್ಲ

ಹುಲ್ಲುಗಾವಲು

ಎಲ್ಲರಿಗೂ ನಮಸ್ಕಾರ. ಬಹಳ ವರ್ಷ ಒಂದು ವಿಷಯವನ್ನು ತಪ್ಪಾಗಿ ತಿಳಿದುಕೊಂಡಿದ್ದೆ. ನಿಮ್ಮಲ್ಲೂ ಕೆಲವರು ಹಾಗೇ ತಿಳಿದಿರಬಹುದು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಸಿಂಹದಲ್ಲಿ ಎರಡು ಬಗೆ, ಒಂದು ಆಫ್ರಿಕಾದ್ದು, ಇನ್ನೊಂದು ಏಷ್ಯಾದ್ದು ಅಂತ ಓದಿಕೊಂಡು ಬಂದಿದ್ದೇವೆ ಅಲ್ವಾ? ಭೂಪಟ ನೋಡಿದರೂ ಹಾಗೇ ಅನ್ನಿಸುತ್ತದೆ. ಡಿಎನ್‌ಎ ಹೇಳುವುದೇ ಬೇರೆ. ದೊಡ್ಡ ಗೆರೆ ಬೀಳುವುದು ಆಫ್ರಿಕಾದ ಒಳಗೇ. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಸಿಂಹಗಳು ಒಂದು ಕವಲು. ಪೂರ್ವ ಮತ್ತು ದಕ್ಷಿಣದವು ಇನ್ನೊಂದು ಕವಲು. ನಮ್ಮ ಗಿರ್ ಸಿಂಹ ಮೊದಲನೇ ಕವಲಿಗೆ ಸೇರಿದ್ದು. ಸೆನೆಗಲ್‌ನ ಸಿಂಹಕ್ಕೆ ತನ್ನದೇ ಖಂಡದ ಟಾಂಜಾನಿಯಾದ ಸಿಂಹಕ್ಕಿಂತ ಗುಜರಾತಿನ ಸಿಂಹವೇ ಹತ್ತಿರದ ನೆಂಟ!

2017ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಬೆಕ್ಕಿನ ಕುಲದ ತಜ್ಞರು ಹೆಸರನ್ನೂ ಹೀಗೇ ಬದಲಾಯಿಸಿದರು. ಮೊದಲ ಕವಲು ಪ್ಯಾಂಥೆರಾ ಲಿಯೊ ಲಿಯೊ, ಎರಡನೆಯದು ಪ್ಯಾಂಥೆರಾ ಲಿಯೊ ಮೆಲನೊಕೈಟಾ. ಗಿರ್ ಸಿಂಹಕ್ಕೆ ಇದ್ದ ಪರ್ಸಿಕಾ ಅನ್ನುವ ಪ್ರತ್ಯೇಕ ಹೆಸರು ಆ ಪಟ್ಟಿಯಲ್ಲಿ ಇಲ್ಲ. 2020ರಲ್ಲಿ 20 ಸಿಂಹಗಳ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದ ಅಧ್ಯಯನ ಬಂತು. ಈ ಎರಡು ಕವಲು ಬೇರೆಯಾಗಿ ಸುಮಾರು 70,000 ವರ್ಷ ಆಯಿತು ಅಂತ ಅದು ಹೇಳುತ್ತದೆ.

ಇದನ್ನು ಓದಿದಾಗಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಗಿರ್ ಸಿಂಹ ಪ್ರತ್ಯೇಕ ಉಪಜಾತಿಯೇ ಅಲ್ಲ ಅಂದಮೇಲೆ ಅದರ ಬೆಲೆ ಕಡಿಮೆಯಾಯಿತೇ? ನನ್ನ ಪ್ರಕಾರ ಇಲ್ಲ, ಜಾಸ್ತಿಯೇ ಆಯಿತು. ನೀವೇನು ಹೇಳುತ್ತೀರಿ?

ಮೂರನೇ ಬೆಂಚು

ಸರ್, ಒಂದು ಅನುಮಾನ. ಮೂಳೆ ಸಿಕ್ಕರೆ ಅದರ ವಯಸ್ಸು ಹೇಳಬಹುದು, ಅದು ಗೊತ್ತು. ಎರಡು ಕವಲು ಬೇರೆಯಾಗಿದ್ದು ಯಾವಾಗ ಅಂತ ಹೇಗೆ ಗೊತ್ತಾಗುತ್ತದೆ? ಅದಕ್ಕೆ ಸಾಕ್ಷಿ ಯಾರು?

ಪಿಪೆಟ್

ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವಳು, ಇದಕ್ಕೆ ಉತ್ತರ ನಾನು ಕೊಡುತ್ತೇನೆ.

ಓಲೆಗರಿ ಗ್ರಂಥಗಳನ್ನು ಹಿಂದೆ ಕೈಯಲ್ಲೇ ನಕಲು ಮಾಡುತ್ತಿದ್ದರಲ್ಲ, ಪ್ರತಿ ಸಲ ಒಂದೆರಡು ಅಕ್ಷರ ತಪ್ಪುತ್ತಿತ್ತು. ಆ ತಪ್ಪು ಮುಂದಿನ ಪ್ರತಿಗೂ ಹೋಗುತ್ತಿತ್ತು. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಎರಡೂ ಒಂದೇ ಮೂಲದಿಂದ ಬಂದವು ಅಂತ ಪಂಡಿತರು ಹೇಳುತ್ತಾರೆ. ಡಿಎನ್‌ಎಯಲ್ಲೂ ನಡೆಯುವುದು ಇದೇ. ಒಂದು ಪೀಳಿಗೆಗೆ ಸರಾಸರಿ ಎಷ್ಟು ಅಕ್ಷರ ಬದಲಾಗುತ್ತದೆ ಅನ್ನುವ ಅಂದಾಜು ಇದೆ. ಎರಡು ಸಿಂಹಗಳ ನಡುವೆ ಎಷ್ಟು ಅಕ್ಷರ ಬೇರೆ ಅಂತ ಎಣಿಸಿದರೆ ಕಾಲದ ಲೆಕ್ಕ ಸಿಗುತ್ತದೆ. ವಯಸ್ಸು ಗೊತ್ತಿರುವ ಹಳೆಯ ಮೂಳೆಯಿಂದ ಡಿಎನ್‌ಎ ಸಿಕ್ಕರೆ ಆ ಲೆಕ್ಕವನ್ನು ಒರೆಗೆ ಹಚ್ಚಬಹುದು.

ಇದರಲ್ಲಿ ಒಂದು ತೊಡಕು ಇದೆ. ಹಳೆಯ ಅಧ್ಯಯನಗಳಲ್ಲಿ ಹೆಚ್ಚಿನವು ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗ) ಡಿಎನ್‌ಎ ಮಾತ್ರ ಓದಿದ್ದವು. ಅದು ಬರುವುದು ತಾಯಿಯಿಂದ ಮಾತ್ರ. ಸಿಂಹಗಳಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ತಾಯಿಯ ಹಿಂಡಿನಲ್ಲೇ, ಇಲ್ಲವೇ ಅದರ ಪಕ್ಕದಲ್ಲೇ ಉಳಿಯುತ್ತವೆ. ದೂರ ಹೋಗುವುದು ಗಂಡುಗಳು. ಹಾಗಾಗಿ ತಾಯಿಯ ಡಿಎನ್‌ಎ ಮಾತ್ರ ನೋಡಿದರೆ ಊರೂರಿಗೂ ಬೇರೆ ಬೇರೆ ಸಿಂಹ ಇದ್ದ ಹಾಗೆ ಕಾಣುತ್ತದೆ. ಗಂಡುಗಳು ಹೊತ್ತುಕೊಂಡು ಹೋದದ್ದು ಅದರಲ್ಲಿ ಕಾಣುವುದೇ ಇಲ್ಲ. ಪೂರ್ತಿ ಜೀನೋಮ್ ಓದಿದ ಮೇಲೆ ಗೊತ್ತಾಯಿತು, ಎರಡು ಕವಲು ಬೇರೆಯಾದ ಮೇಲೂ ಆಗಾಗ ಕೂಡಿವೆ. ಮಧ್ಯ ಆಫ್ರಿಕಾದ ಸಿಂಹಗಳಲ್ಲಿ ಎರಡೂ ಕಡೆಯ ಗುರುತು ಸಿಗುತ್ತದೆ. ಆದ್ದರಿಂದ ಹುಲ್ಲುಗಾವಲು ಅವರು ಹೇಳಿದ ಗೆರೆಯನ್ನು ಗೋಡೆ ಅಂದುಕೊಳ್ಳಬೇಡಿ. ಮಳೆ ಹೆಚ್ಚಿದ್ದ ಕಾಲದಲ್ಲಿ ದಟ್ಟ ಕಾಡು ಹರಡಿ ಅಡ್ಡ ನಿಂತಿತು, ಒಣ ಕಾಲದಲ್ಲಿ ಸಹಾರಾ ಮರುಭೂಮಿ ದೊಡ್ಡದಾಗಿ ಅಡ್ಡ ಬಂತು. ನಡುನಡುವೆ ದಾರಿ ತೆರೆದಾಗ ಗಂಡುಗಳು ದಾಟಿವೆ.

ಗೂಬೆಕಣ್ಣು

ನಾನು ಎರಡೂ ಕಡೆಯ ಸಿಂಹಗಳನ್ನು ನೋಡಿದ್ದೇನೆ. ಜೀನೋಮ್ ವಿಷಯ ನನಗೆ ಗೊತ್ತಿಲ್ಲ, ಕಣ್ಣಿಗೆ ಕಂಡಿದ್ದು ಹೇಳುತ್ತೇನೆ.

ಗಿರ್‌ನಲ್ಲಿ ಬೆಳಿಗ್ಗೆ ಹೊತ್ತು ಒಂದು ಗಂಡು ದಾರಿಗೆ ಅಡ್ಡಲಾಗಿ ಮಲಗಿತ್ತು. ತೇಗದ ಒಣಗಿದ ಎಲೆಯ ಬಣ್ಣವೇ ಅದರದ್ದು. ಎದ್ದು ನಿಂತಾಗ ಹೊಟ್ಟೆಯ ಕೆಳಗೆ ಉದ್ದಕ್ಕೂ ಚರ್ಮದ ಮಡಿಕೆ ಜೋತಾಡುತ್ತಿತ್ತು, ನಡೆಯುವಾಗ ಪರದೆ ಅಲುಗಾಡಿದ ಹಾಗೆ. ಕೇಸರ ತೆಳುವಾಗಿತ್ತು. ಎರಡೂ ಕಿವಿ ಪೂರ್ತಿ ಕಾಣುತ್ತಿದ್ದವು. ಟಾಂಜಾನಿಯಾದ ಸೆರೆಂಗೆಟಿಯಲ್ಲಿ ನೋಡಿದ ಗಂಡುಗಳಲ್ಲಿ ಕಿವಿ ಕೂದಲಲ್ಲೇ ಮುಳುಗಿರುತ್ತಿತ್ತು.

ಇಷ್ಟೊಂದು ವ್ಯತ್ಯಾಸ ಕಾಣುವಾಗ ಒಂದೇ ಉಪಜಾತಿ ಅಂದರೆ ಒಪ್ಪುವುದು ಕಷ್ಟ.

ಹುಲ್ಲುಗಾವಲು

ಗೂಬೆಕಣ್ಣು ಅವರೇ, ನಿಮ್ಮ ವಿವರಣೆ ಓದಿ ಎದುರಿಗೇ ನೋಡಿದ ಹಾಗಾಯಿತು. ಆದರೆ ಕೇಸರವನ್ನು ಜಾಸ್ತಿ ನಂಬಬೇಡಿ. ಕೀನ್ಯಾದ ಸಾವೊದಲ್ಲಿ ಕೇಸರವೇ ಇಲ್ಲದ ಗಂಡುಗಳಿವೆ, ಅಲ್ಲಿಂದ ತುಂಬ ದೂರವಲ್ಲದ ಕಡೆ ಕೇಸರ ದಟ್ಟವಾಗಿರುತ್ತದೆ. ಬಿಸಿಲು, ಆಹಾರ, ವಯಸ್ಸು ಎಲ್ಲ ಅದರ ಮೇಲೆ ಕೆಲಸ ಮಾಡುತ್ತವೆ. ಹಿಂದೆ ಕೇಸರ ನೋಡಿಯೇ ಬಾರ್ಬರಿ ಸಿಂಹ, ಕೇಪ್ ಸಿಂಹ ಅಂತ ಒಂದೊಂದಕ್ಕೂ ಒಂದೊಂದು ಉಪಜಾತಿ ಮಾಡಿಟ್ಟಿದ್ದರು.

ಹೊಟ್ಟೆಯ ಮಡಿಕೆ ಗಿರ್‌ನಲ್ಲಿ ಹೆಚ್ಚು, ನಿಜ. ತಲೆಬುರುಡೆಯಲ್ಲೂ ಒಂದು ಗುರುತಿದೆ. ಕಣ್ಣಿನ ಕೆಳಗೆ ನರ ಹಾದುಹೋಗಲು ಒಂದು ತೂತು ಇರುತ್ತದೆ. ಗಿರ್ ಸಿಂಹಗಳ ಬುರುಡೆಗಳಲ್ಲಿ ಆ ಒಂದು ತೂತು ಎರಡಾಗಿರುವುದು ತುಂಬ ಸಲ ಕಂಡಿದೆ. ಇದನ್ನು ಓದಿದಾಗ ಮೊದಲು ನನಗೆ ಖುಷಿಯಾಗಿತ್ತು, ನೋಡಿ ಎಷ್ಟು ವಿಶೇಷ ಅಂತ. ಆಮೇಲೆ ಯೋಚಿಸಿದೆ. ಹಿಂಡು ತೀರಾ ಚಿಕ್ಕದಾದಾಗ ಯಾರೋ ಒಂದೆರಡು ಪೂರ್ವಜರಲ್ಲಿದ್ದ ಗುರುತು ಎಲ್ಲರಿಗೂ ಹರಡಿಬಿಡುತ್ತದೆ. ಒಂದೇ ಅಜ್ಜನ ಮೂಗು ಮನೆಯವರಿಗೆಲ್ಲ ಬಂದ ಹಾಗೆ.

ಸಂಜೆಮಲ್ಲಿಗೆ

ನಮ್ಮ ದೇಶಕ್ಕೆ ಸಿಂಹ ಹೊರಗಿನಿಂದ ಬಂದದ್ದು, ರಾಜರು ಬೇಟೆಗೆ ಅಂತ ಆಫ್ರಿಕಾದಿಂದ ತರಿಸಿ ಕಾಡಿಗೆ ಬಿಟ್ಟರು ಅಂತ ಎಲ್ಲೋ ಓದಿದ್ದೆ. ಡಿಎನ್‌ಎ ಇದಕ್ಕೆ ಏನು ಹೇಳುತ್ತದೆ?

ಪಿಪೆಟ್

ಇಲ್ಲ ಅನ್ನುತ್ತದೆ. ಕೆಲವೇ ಶತಮಾನಗಳ ಹಿಂದೆ ಹಡಗಿನಲ್ಲಿ ಬಂದಿದ್ದರೆ ಆಫ್ರಿಕಾದ ಯಾವುದೋ ಒಂದು ಜಾಗದ ಸಿಂಹಗಳಿಗೂ ಗಿರ್ ಸಿಂಹಗಳಿಗೂ ಹೆಚ್ಚು ಕಡಿಮೆ ಒಂದೇ ಡಿಎನ್‌ಎ ಇರಬೇಕಿತ್ತು. ಅಂತಹ ಜಾಗ ಸಿಕ್ಕಿಲ್ಲ. ಗಿರ್ ಸಿಂಹಕ್ಕೆ ತುಂಬ ಹತ್ತಿರದವು ಈಗ ಕಾಡಿನಲ್ಲಿ ಇಲ್ಲವೇ ಇಲ್ಲ. ಅವು ಉತ್ತರ ಆಫ್ರಿಕಾದ ಬಾರ್ಬರಿ ಸಿಂಹಗಳು. ಅವುಗಳ ಡಿಎನ್‌ಎ ಸಿಗುವುದು ಮ್ಯೂಸಿಯಂಗಳ ಮೂಳೆ, ಚರ್ಮಗಳಲ್ಲಿ ಮಾತ್ರ. ಮೊರಾಕ್ಕೊದ ಅಟ್ಲಾಸ್ ಬೆಟ್ಟದಿಂದ ಗುಜರಾತಿನವರೆಗೆ ಟರ್ಕಿ, ಇರಾಕ್, ಇರಾನ್ ಹಾದು ಒಂದೇ ಸಾಲಾಗಿ ಸಿಂಹಗಳಿದ್ದವು. ಈಗ ಆ ಸಾಲಿನ ಒಂದು ತುದಿ ಮಾತ್ರ ಉಳಿದಿದೆ.

ಹುಲ್ಲುಗಾವಲು

ಅದಕ್ಕೇ ನಾನು ಬೆಲೆ ಜಾಸ್ತಿಯಾಯಿತು ಅಂದದ್ದು. ಗ್ರೀಸ್‌ನ ಉತ್ತರಕ್ಕೂ ಸಿಂಹ ಇತ್ತು ಗೊತ್ತಾ? ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯಾದ ದೊರೆ ಝೆರ್ಕ್ಸಿಸ್‌ನ ಸೇನೆ ಆ ದಾರಿಯಲ್ಲಿ ಹೋಗುವಾಗ ಸಿಂಹಗಳು ರಾತ್ರಿ ಬಂದು ಅವನ ಒಂಟೆಗಳ ಮೇಲೆ ಬಿದ್ದವು ಅಂತ ಹೆರೊಡೊಟಸ್ ಬರೆದಿದ್ದಾನೆ. ಜೊತೆಗಿದ್ದ ಬೇರೆ ಪ್ರಾಣಿಗಳನ್ನೂ ಮನುಷ್ಯರನ್ನೂ ಮುಟ್ಟಲಿಲ್ಲವಂತೆ. ಲಂಡನ್ ಗೋಪುರದ ಕಂದಕದಲ್ಲಿ 1937ರಲ್ಲಿ ಸಿಕ್ಕ ಎರಡು ಸಿಂಹದ ಬುರುಡೆಗಳೂ ಮಧ್ಯಯುಗದವು. ಇಂಗ್ಲೆಂಡಿನ ರಾಜರು ಸಾಕಿದ್ದ ಸಿಂಹಗಳು. ಅವುಗಳ ತಾಯಿಯ ಕಡೆಯ ಡಿಎನ್‌ಎ ಉತ್ತರ ಆಫ್ರಿಕಾದ್ದು.

ಕಾಡುದಾರಿ

ಚರ್ಚೆ ಚೆನ್ನಾಗಿದೆ. ಆದರೆ ನನ್ನದು ಸ್ವಲ್ಪ ಭಿನ್ನ ರಾಗ. ಗಿರ್ ಸಿಂಹಗಳ ಡಿಎನ್‌ಎಯಲ್ಲಿ ವೈವಿಧ್ಯ ಇಲ್ಲ, ಒಳಸಂಬಂಧ ಜಾಸ್ತಿ, ನಾಶವಾಗಿಬಿಡುತ್ತವೆ ಅಂತ ಮೊದಲಿನಿಂದಲೂ ಕೇಳುತ್ತಿದ್ದೇವೆ. ಲೆಕ್ಕ ನೋಡಿ. 1968ರಲ್ಲಿ 177. 2010ರಲ್ಲಿ 411. 2020ರಲ್ಲಿ 674. 2025ರಲ್ಲಿ 891. ಮರಿಗಳು ಹುಟ್ಟುತ್ತಿವೆ, ಬೆಳೆಯುತ್ತಿವೆ, ಹೊಸ ಜಾಗ ಹುಡುಕಿಕೊಂಡು ಹೋಗುತ್ತಿವೆ. 2023ರಲ್ಲಿ ಒಂದು ಗಂಡು ತಾನಾಗಿಯೇ ನಡೆದು ಗುಜರಾತಿನಲ್ಲೇ ಇರುವ ಬರ್ಡಾ ಕಾಡಿಗೆ ಹೋಯಿತು. 1879ರ ನಂತರ ಅಲ್ಲಿ ಸಿಂಹ ಕಂಡಿದ್ದು ಅದೇ ಮೊದಲು. ಇಷ್ಟೆಲ್ಲ ಆಗುತ್ತಿರುವಾಗ ಡಿಎನ್‌ಎಯ ಭಯ ಯಾಕೆ? ಅಲ್ಲಿನ ಜನರೂ ದನ ಮೇಯಿಸುವ ಮಾಲ್ಧಾರಿಗಳೂ ಅರಣ್ಯ ಸಿಬ್ಬಂದಿಯೂ ಸೇರಿ ಉಳಿಸಿದ್ದನ್ನು ನಾವು ಸುಮ್ನೆ ಕಡಿಮೆ ಮಾಡಿ ಮಾತಾಡಬಾರದು.

ಹುಲ್ಲುಗಾವಲು

ಕಡಿಮೆ ಮಾಡುವ ಮಾತೇ ಇಲ್ಲ. ಜಗತ್ತಿನಲ್ಲಿ ಬೇರೆಲ್ಲೂ ಇಷ್ಟು ಸಿಂಹಗಳು ಇಷ್ಟು ಜನರ ನಡುವೆ ಬದುಕಿ ಸಂಖ್ಯೆ ಏರಿಸಿಕೊಂಡದ್ದನ್ನು ನಾನು ಕೇಳಿಲ್ಲ. ಆದರೂ ತಲೆ ಎಣಿಸಿದರೆ ಸಿಗುವುದು ಒಂದು ಲೆಕ್ಕ, ಡಿಎನ್‌ಎ ಎಣಿಸಿದರೆ ಸಿಗುವುದು ಇನ್ನೊಂದು ಲೆಕ್ಕ. ನಾನು ಹೇಳಬೇಕೆಂದುಕೊಂಡದ್ದು ಇದನ್ನೇ. ಸ್ವಲ್ಪ ಉದ್ದವಾಗುತ್ತದೆ, ಓದಿ.

1987ರಲ್ಲಿ ಮೂರು ಕಡೆಯ ಗಂಡು ಸಿಂಹಗಳ ವೀರ್ಯವನ್ನು ಹೋಲಿಸಿ ನೋಡಿದರು. ಸೆರೆಂಗೆಟಿಯ ಸಿಂಹಗಳಲ್ಲಿ ಸುಮಾರು ಕಾಲು ಭಾಗ ವೀರ್ಯಾಣುಗಳ ಆಕಾರ ಕೆಟ್ಟಿತ್ತು. ಎನ್‌ಗೊರೊಂಗೊರೊ ಕುಳಿಯ ಸಿಂಹಗಳಲ್ಲಿ ಸುಮಾರು ಅರ್ಧ. ಗಿರ್ ಮೂಲದವುಗಳಲ್ಲಿ ಮೂರರಲ್ಲಿ ಎರಡು ಪಾಲು.

ಇದರಲ್ಲಿ ಎನ್‌ಗೊರೊಂಗೊರೊ ಯಾಕೆ ಮುಖ್ಯ ಅಂದರೆ ಅಲ್ಲಿ ಏನಾಯಿತು ಅಂತ ನಮಗೆ ಕಣ್ಣೆದುರಿನ ದಾಖಲೆ ಇದೆ. ಅದು ಹಳೆಯ ಜ್ವಾಲಾಮುಖಿ ಕುಸಿದು ಆದ ದೊಡ್ಡ ಬೋಗುಣಿಯಂತಹ ಜಾಗ. ಸೆರೆಂಗೆಟಿ ಪಕ್ಕದಲ್ಲೇ ಇದೆ. 1962ರಲ್ಲಿ ವಿಪರೀತ ಮಳೆ ಬಂದು ರಕ್ತ ಹೀರುವ ನೊಣಗಳು ಮುತ್ತಿಕೊಂಡವು. ಸಿಂಹಗಳ ಮೈ ತುಂಬ ಹುಣ್ಣಾಗಿ, ಬೇಟೆಯಾಡಲಾರದೆ ಸತ್ತವು. ಉಳಿದದ್ದು ಸುಮಾರು 10. ಹೊರಗಿನಿಂದ ಕೆಲವು ಗಂಡುಗಳು ಬಂದು ಸೇರಿಕೊಂಡವು. ಆಮೇಲೆ ಸಂಖ್ಯೆ ಬೇಗ ಬೇಗ ಏರಿ ಮೊದಲಿನಷ್ಟೇ ಆಯಿತು. ಎಣಿಸಿದವರಿಗೆ ಎಲ್ಲ ಸರಿಹೋದ ಹಾಗೆ ಕಂಡಿತು. ಒಳಗೆ ವೀರ್ಯ ಕೆಟ್ಟಿತ್ತು, ವೈವಿಧ್ಯ ಕುಸಿದಿತ್ತು. ಅಂದರೆ ಸಂಖ್ಯೆ ಹತ್ತಿಪ್ಪತ್ತು ವರ್ಷದಲ್ಲಿ ವಾಪಸ್ ಬರುತ್ತದೆ. ಕಳೆದ ಅಕ್ಷರಗಳು ಅಷ್ಟು ಬೇಗ ಬರುವುದಿಲ್ಲ. ಅವು ಬರಬೇಕಾದರೆ ಸಾವಿರಾರು ಪೀಳಿಗೆ ಬೇಕು.

ಗಿರ್‌ನದ್ದೂ ಅದೇ ಪಾಡು. 20ನೇ ಶತಮಾನದ ಹೊತ್ತಿಗೆ ಬೇಟೆಗೆ ಸಿಕ್ಕಿ ಹಿಂಡು ಬೆರಳೆಣಿಕೆಗೆ ಬಂದಿತ್ತು, ಜುನಾಗಢದ ನವಾಬರು ಬೇಟೆ ತಡೆದು ಉಳಿಸಿದರು. 2020ರ ಜೀನೋಮ್ ಅಧ್ಯಯನ ಗಿರ್ ಸಿಂಹಗಳಲ್ಲಿ ಆನುವಂಶಿಕ ವೈವಿಧ್ಯ ಬಹುಮಟ್ಟಿಗೆ ಇಲ್ಲವೇ ಇಲ್ಲ ಅನ್ನುವ ಮಟ್ಟದಲ್ಲಿದೆ ಎಂದಿತು. 891 ಸಿಂಹಗಳಿವೆ, ಆದರೆ ರೋಗದ ಕಣ್ಣಿಗೆ ಅವು ಒಂದೇ ಬೀಗದ 891 ಬಾಗಿಲುಗಳು. ಒಂದು ಕೀಲಿ ಸಾಕು. 1994ರಲ್ಲಿ ಸೆರೆಂಗೆಟಿಗೆ ನಾಯಿಗಳ ಡಿಸ್ಟೆಂಪರ್ ವೈರಸ್ ಬಂದು ಮೂರರಲ್ಲಿ ಒಂದು ಪಾಲು ಸಿಂಹ ಸತ್ತವು. ಅಲ್ಲಿ ವೈವಿಧ್ಯ ಇತ್ತು, ಜಾಗವೂ ದೊಡ್ಡದು. 2018ರಲ್ಲಿ ಅದೇ ವೈರಸ್ ಗಿರ್‌ಗೂ ಬಂತು. ಕೆಲವೇ ವಾರಗಳಲ್ಲಿ ಒಂದೇ ಭಾಗದಲ್ಲಿ 20ಕ್ಕೂ ಹೆಚ್ಚು ಸಿಂಹ ಹೋದವು. ಅಷ್ಟಕ್ಕೇ ನಿಂತಿತು. ಆ ದಿನಗಳಲ್ಲಿ ದಿನಾ ಬೆಳಿಗ್ಗೆ ಎದ್ದು ಮೊದಲು ಅದೇ ಸುದ್ದಿ ಹುಡುಕುತ್ತಿದ್ದೆ.

ಪಿಪೆಟ್

ಒಂದು ಮಾತು ಸೇರಿಸುತ್ತೇನೆ. ಎಲ್ಲ ನಷ್ಟವನ್ನೂ ಬ್ರಿಟಿಷ್ ಕಾಲದ ಬೇಟೆಯ ತಲೆಗೆ ಕಟ್ಟುವುದು ಸರಿಯಲ್ಲ. 2002ರ ಒಂದು ಅಧ್ಯಯನ ಗಿರ್ ಸಿಂಹಗಳ ಹಿಂಡು ಕುಗ್ಗಿದ ಕಾಲವನ್ನು ಸಾವಿರದಿಂದ ನಾಲ್ಕು ಸಾವಿರ ವರ್ಷಗಳ ಹಿಂದಕ್ಕೆ ಹಾಕಿತ್ತು. ಬೇಟೆ ಬಂದಿದ್ದು ಆಗಲೇ ಬಡವಾಗಿದ್ದ ಮನೆಗೆ. ನನ್ನ ಮಟ್ಟಿಗೆ ಇದು ಭಯ ಕಡಿಮೆ ಮಾಡುವ ಸುದ್ದಿಯೂ ಹೌದು. ಅಷ್ಟು ದೀರ್ಘ ಕಾಲ ಈ ಸ್ಥಿತಿಯಲ್ಲೇ ಬದುಕಿವೆ ಅಂದರೆ ತೀರಾ ಕೆಟ್ಟ ಜೀನ್‌ಗಳು ಸೋಸಿ ಹೋಗಿರುವ ಸಾಧ್ಯತೆ ಇದೆ. ಹಾಗಾಗಿ ಕಾಡುದಾರಿ ಅವರು ಹೇಳಿದ್ದರಲ್ಲೂ ಹುರುಳಿದೆ.

ಮೂರನೇ ಬೆಂಚು

ಮೇಡಂ, ಸತ್ತು ಸಾವಿರಾರು ವರ್ಷ ಆದ ಪ್ರಾಣಿಯಿಂದ ಡಿಎನ್‌ಎ ತೆಗೆಯುವುದು ಹೇಗೆ? ಬಹಳ ಹಿಂದೆಯೇ ಅಳಿದುಹೋದ ಗುಹಾ ಸಿಂಹದ್ದೂ ತೆಗೆದಿದ್ದಾರೆ ಅಂತ ಕೇಳಿದ್ದೇನೆ.

ಪಿಪೆಟ್

ಹಲ್ಲು ಅಥವಾ ಮೂಳೆ ಬೇಕು. ಹಲ್ಲಿನ ಬೇರಿನ ಕಡೆ ಸಣ್ಣ ಡ್ರಿಲ್ ಇಟ್ಟು ನಿಧಾನವಾಗಿ ಕೊರೆಯುತ್ತೇವೆ. ವೇಗ ಜಾಸ್ತಿಯಾದರೆ ಬಿಸಿಯಾಗಿ ಇದ್ದ ಡಿಎನ್‌ಎಯೂ ಸುಟ್ಟುಹೋಗುತ್ತದೆ. ಸುಟ್ಟ ಕೂದಲಿನ ವಾಸನೆ ಬಂತು ಅಂದರೆ ನಿಲ್ಲಿಸಬೇಕು. ಒಂದು ಚಿಟಿಕೆ ಪುಡಿ ಸಿಕ್ಕರೆ ಸಾಕು. ಮೈಗೆ ಪೂರ್ತಿ ಮುಚ್ಚುವ ಬಟ್ಟೆ, ಎರಡು ಜೊತೆ ಕೈಗವಸು, ಮುಖಕ್ಕೆ ಮಾಸ್ಕ್. ಪ್ರತಿ ಸಲ ಪುಡಿ ಹಾಕದ ಒಂದು ಖಾಲಿ ಟ್ಯೂಬನ್ನೂ ಜೊತೆಗೇ ನಡೆಸುತ್ತೇವೆ. ಅದರಲ್ಲಿ ಏನಾದರೂ ಬಂದರೆ ಅದು ಸಿಂಹದ್ದಲ್ಲ, ನಮ್ಮದೇ ಡಿಎನ್‌ಎ ಇರಬಹುದು. ಆ ದಿನದ ಕೆಲಸ ಪೂರ್ತಿ ಕಸಕ್ಕೆ.

ಸಿಗುವ ಡಿಎನ್‌ಎ ಚೂರುಚೂರಾಗಿರುತ್ತದೆ. ಒಂದೊಂದು ಚೂರು 50–60 ಅಕ್ಷರ. ಡಿಎನ್‌ಎಯಲ್ಲಿ ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ; ತುದಿಗಳಲ್ಲಿ ಸಿ ಇರಬೇಕಾದ ಕಡೆ ಟಿ ಆಗಿರುತ್ತದೆ. ಕಾಲ ಅದನ್ನು ತಿಂದದ್ದರ ಗುರುತು ಅದು. ವಿಚಿತ್ರ ಅಂದರೆ ಆ ಹಾಳಾದ ತುದಿಗಳನ್ನು ನೋಡಿಯೇ ಇದು ನಿಜವಾಗಿ ಹಳೆಯದು ಅಂತ ನಂಬುತ್ತೇವೆ.

ಗುಹಾ ಸಿಂಹದ ವಿಷಯ. ಸೈಬೀರಿಯಾದ ಹೆಪ್ಪುಗಟ್ಟಿದ ನೆಲದಲ್ಲಿ 2017 ಮತ್ತು 2018ರಲ್ಲಿ ಎರಡು ಮರಿಗಳು ಸಿಕ್ಕವು. ಬೋರಿಸ್, ಸ್ಪಾರ್ಟಾ ಅಂತ ಹೆಸರಿಟ್ಟರು. ಸ್ಪಾರ್ಟಾಗೆ ಸುಮಾರು 28,000 ವರ್ಷ. ಮೈಮೇಲಿನ ಕೂದಲು, ಹಲ್ಲು, ಚರ್ಮ ಎಲ್ಲ ಹಾಗೇ ಇವೆ. ಮಲಗಿರುವ ಬೆಕ್ಕಿನ ಮರಿಯ ಹಾಗೆ ಕಾಣುತ್ತದೆ. ಎರಡೂ ಸಿಕ್ಕಿದ್ದು ಸುಮಾರು 15 ಮೀಟರ್ ಅಂತರದಲ್ಲಿ. ಒಡಹುಟ್ಟಿದವು ಅಂತ ಮೊದಲು ಅಂದುಕೊಂಡಿದ್ದರು. ಕಾಲ ಅಳೆದಾಗ ಎರಡರ ಮಧ್ಯೆ ಸುಮಾರು 15,000 ವರ್ಷ ಇತ್ತು. ಆ ಫೋಟೊ ಮೊದಲ ಸಲ ನೋಡಿದ ದಿನ ನನಗೆ ಬೇರೆ ಕೆಲಸ ಓಡಲಿಲ್ಲ.

ಗುಹಾ ಸಿಂಹ ಈಗಿನ ಸಿಂಹದ ಅಜ್ಜ ಅಲ್ಲ, ದಾಯಾದಿ. ಎರಡೂ ಬೇರೆಯಾಗಿ ಸುಮಾರು 5 ಲಕ್ಷ ವರ್ಷ. ಆಮೇಲೆ ಕೂಡಿದ ಗುರುತು ಸಿಕ್ಕಿಲ್ಲ. ಫ್ರಾನ್ಸಿನ ಶೋವೆ ಗುಹೆಯಲ್ಲಿ 30,000 ವರ್ಷಕ್ಕೂ ಹಿಂದಿನ ಜನ ಸಿಂಹದ ಚಿತ್ರ ಬರೆದಿದ್ದಾರಲ್ಲ, ಅವುಗಳಲ್ಲಿ ಗಂಡು ಅಂತ ಸ್ಪಷ್ಟವಾಗಿ ಗೊತ್ತಾಗುವವಕ್ಕೂ ಕೇಸರ ಇಲ್ಲ. ಎದುರಿಗೆ ನೋಡಿ ಬರೆದವರ ಸಾಕ್ಷಿ ಅದು.

ಗೂಬೆಕಣ್ಣು

ಡಿಎನ್‌ಎಯಿಂದ ಗೊತ್ತಾದ ವಿಷಯಗಳಲ್ಲಿ ನನ್ನ ಮನಸ್ಸಿಗೆ ತುಂಬ ಹಿಡಿಸಿದ್ದು ಗಂಡುಗಳ ಗೆಳೆತನದ್ದು. ಗಂಡು ಸಿಂಹಗಳು ಜೊತೆ ಕಟ್ಟಿಕೊಂಡು ಹಿಂಡನ್ನು ಹಿಡಿಯುತ್ತವೆ. ನಾಲ್ಕೈದು ಇರುವ ಜೊತೆಯೂ ಉಂಟು, ಇಬ್ಬರೇ ಇರುವುದೂ ಉಂಟು. ಸಿಂಹಗಳ ಸಂಶೋಧಕರಾದ ಕ್ರೇಗ್ ಪ್ಯಾಕರ್, ಆನ್ ಪ್ಯೂಸಿ ಮತ್ತು ಅವರ ಜೊತೆಗಾರರು 1991ರಲ್ಲಿ ಇವುಗಳ ಡಿಎನ್‌ಎ ಪರೀಕ್ಷಿಸಿದರು. ದೊಡ್ಡ ಜೊತೆಗಳಲ್ಲಿ ಇದ್ದವರೆಲ್ಲ ಅಣ್ಣತಮ್ಮಂದಿರು, ದಾಯಾದಿಗಳು. ಸಂಬಂಧವೇ ಇಲ್ಲದವರು ಸೇರಿದ್ದು ಇಬ್ಬರು ಮೂವರ ಜೊತೆಗಳಲ್ಲಿ ಮಾತ್ರ. ಯಾಕೆ ಅಂದರೆ ಇಬ್ಬರೇ ಇದ್ದಾಗ ಇಬ್ಬರಿಗೂ ಮಕ್ಕಳಾಗುತ್ತವೆ. ನಾಲ್ಕೈದು ಇದ್ದರೆ ಒಂದಿಬ್ಬರಿಗೇ ಹೆಚ್ಚಿನ ಮಕ್ಕಳು, ಉಳಿದವಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು. ಅಣ್ಣನ ಮಕ್ಕಳಿಗಾಗಿ ಪ್ರಾಣ ಕೊಟ್ಟು ಹೋರಾಡಬಹುದು. ಪರರ ಮಕ್ಕಳಿಗಾಗಿ ಯಾರು ಹೋರಾಡುತ್ತಾರೆ? ಕಾಡಿನಲ್ಲಿ ಎರಡು ಗಂಡುಗಳು ತಲೆಗೆ ತಲೆ ಉಜ್ಜುವುದನ್ನು ನೋಡಿದಾಗಲೆಲ್ಲ ಇವರು ಅಣ್ಣತಮ್ಮಂದಿರೋ, ದಾರಿಯಲ್ಲಿ ಸಿಕ್ಕ ಗೆಳೆಯರೋ ಅಂತ ಯೋಚಿಸುತ್ತೇನೆ.

ಸಂಜೆಮಲ್ಲಿಗೆ

ಎಷ್ಟು ಚೆನ್ನಾಗಿದೆ ಇದು. ಇನ್ನೊಂದು ಕೇಳಲಾ? ಬಿಳಿ ಸಿಂಹ ಬೇರೆ ಜಾತಿಯಾ? ಮತ್ತೆ ಸಿಂಹಕ್ಕೂ ಹುಲಿಗೂ ಮರಿ ಹುಟ್ಟುತ್ತದಲ್ಲ, ಅಂದರೆ ಇವೆರಡೂ ತುಂಬ ಹತ್ತಿರದವಾ?

ಪಿಪೆಟ್

ಬಿಳಿ ಸಿಂಹ ಬೇರೆ ಜಾತಿ ಅಲ್ಲ. ಟೈರೊಸಿನೇಸ್ ಅನ್ನುವ ಒಂದು ಜೀನ್‌ನಲ್ಲಿ ಒಂದು ಅಕ್ಷರ ಬದಲಾಗಿದೆ, ಅಷ್ಟೇ. ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಮರಿ ಬಿಳಿ. ದಕ್ಷಿಣ ಆಫ್ರಿಕಾದ ಟಿಂಬಾವಟಿ ಕಡೆಯವು ಅವು. ಬಿಳಿ ಹುಲಿಯದ್ದು ಬೇರೆಯೇ ಜೀನ್.

ಹುಲಿ ಅಷ್ಟೇನೂ ಹತ್ತಿರದ ನೆಂಟನಲ್ಲ. ಸಿಂಹಕ್ಕೆ ಹತ್ತಿರದ್ದು ಚಿರತೆ, ಆಮೇಲೆ ಜಾಗ್ವಾರ್. ಹುಲಿಗೆ ಹತ್ತಿರದ್ದು ಹಿಮಚಿರತೆ. ಸಿಂಹ, ಹುಲಿ ಎರಡಕ್ಕೂ 38 ಕ್ರೋಮೋಸೋಮ್ (ಡಿಎನ್‌ಎಯ ಕಟ್ಟುಗಳು) ಇರುವುದರಿಂದ ಮರಿ ಹುಟ್ಟುತ್ತದೆ. ಗಂಡು ಮರಿಗಳು ಬಂಜೆಯಾಗಿರುತ್ತವೆ. ಪ್ರದರ್ಶನಕ್ಕೆ ಅಂತ ಇಂಥವನ್ನು ಹುಟ್ಟಿಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ.

ಕಾಡುದಾರಿ

ಮುಖ್ಯ ವಿಷಯಕ್ಕೆ ಬರೋಣ. ವೈವಿಧ್ಯ ಇಲ್ಲ ಅಂತಾಯಿತು, ಒಪ್ಪಿದೆ. ಪರಿಹಾರ ಏನು? ಅಮೆರಿಕದ ಫ್ಲೋರಿಡಾದಲ್ಲಿ ಪ್ಯೂಮಾ ಅನ್ನುವ ದೊಡ್ಡ ಕಾಡುಬೆಕ್ಕುಗಳಿಗೆ ಇದೇ ಸ್ಥಿತಿ ಬಂದಾಗ 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣುಗಳನ್ನು ತಂದು ಬಿಟ್ಟರು. ಬಾಲದ ಸೊಟ್ಟ, ಹೃದಯದ ತೊಂದರೆ ಎಲ್ಲ ಕಡಿಮೆಯಾಗಿ ಸಂಖ್ಯೆಯೂ ಏರಿತು. ಗಿರ್ ಮತ್ತು ಪಶ್ಚಿಮ ಆಫ್ರಿಕಾದ ಸಿಂಹ ಒಂದೇ ಉಪಜಾತಿ ಅಂತ ನೀವೇ ಹೇಳಿದಿರಿ. ಹಾಗಾದರೆ ಅಲ್ಲಿಂದ ನಾಲ್ಕು ತಂದು ಬಿಡಬಹುದಲ್ಲ?

ಹುಲ್ಲುಗಾವಲು

ಈ ಪ್ರಶ್ನೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ನನ್ನ ಉತ್ತರ: ಈಗ ಬೇಡ. ಫ್ಲೋರಿಡಾದ ಪ್ಯೂಮಾಗಳು ಆಗ 20–30 ಉಳಿದಿದ್ದವು, ಕಣ್ಣೆದುರೇ ಕುಸಿಯುತ್ತಿದ್ದವು. ಗಿರ್ ಸಿಂಹಗಳು ಹೆಚ್ಚುತ್ತಿವೆ. ಪಶ್ಚಿಮ ಆಫ್ರಿಕಾದ ಸಿಂಹಗಳೇ ಕೆಲವೇ ನೂರು ಇವೆ, ಅಲ್ಲಿಂದ ಒಂದನ್ನು ತೆಗೆದರೂ ಅವಕ್ಕೇ ನಷ್ಟ. ಮೃಗಾಲಯಗಳಲ್ಲಿ ಗೊತ್ತಿಲ್ಲದೆ ಬೆರಕೆ ಮಾಡಿದ್ದರ ಫಲವೂ ನೋಡಿದ್ದೇವೆ. 1980ರ ದಶಕದಲ್ಲಿ ಅಮೆರಿಕದ ಮೃಗಾಲಯಗಳಲ್ಲಿ ಏಷ್ಯಾ ಸಿಂಹ ಅಂತ ಬೆಳೆಸಿದವುಗಳಲ್ಲಿ ಆಫ್ರಿಕಾದ ರಕ್ತ ಬೆರೆತಿರುವುದು ಪರೀಕ್ಷೆಯಲ್ಲಿ ಗೊತ್ತಾಗಿ ಆ ಯೋಜನೆಯನ್ನೇ ನಿಲ್ಲಿಸಬೇಕಾಯಿತು.

ಈಗ ಬೇಕಾಗಿರುವುದು ಎರಡನೇ ಮನೆ. ಗಿರ್‌ನಿಂದ ದೂರ, ಒಂದು ಕಡೆ ರೋಗ ಬಂದರೆ ಇನ್ನೊಂದು ಕಡೆಗೆ ಹೋಗಲಾರದಷ್ಟು ದೂರ. ಬರ್ಡಾ ಒಳ್ಳೆಯ ಸುದ್ದಿಯೇ, ಆದರೆ ಅದೂ ಗಿರ್ ಇರುವ ಸೌರಾಷ್ಟ್ರದಲ್ಲೇ ಇದೆ. ಸಿಂಹಗಳನ್ನು ಮಧ್ಯಪ್ರದೇಶದ ಕುನೊಗೆ ಕಳಿಸಿ ಅಂತ ಸುಪ್ರೀಂ ಕೋರ್ಟ್ 2013ರ ಏಪ್ರಿಲ್‌ನಲ್ಲೇ ಹೇಳಿತ್ತು. ಆರು ತಿಂಗಳ ಗಡುವು ಕೊಟ್ಟಿತ್ತು. 2022ರಲ್ಲಿ ಆ ಕಾಡಿಗೆ ನಮೀಬಿಯಾದಿಂದ ಚೀತಾಗಳು ಬಂದವು. ಸಿಂಹ ಬರಲಿಲ್ಲ.

ಕಾಡುದಾರಿ

ಎರಡನೇ ಮನೆ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಕುನೊನೇ ಆಗಬೇಕು ಅನ್ನುವುದನ್ನು ಇನ್ನೂ ಒಪ್ಪಿಲ್ಲ. ಅಲ್ಲಿ ಈಗ ಚೀತಾ ಮರಿಗಳಿವೆ. ಸಿಂಹ ಬಿಟ್ಟರೆ ಅವುಗಳ ಗತಿ?

ಹುಲ್ಲುಗಾವಲು

ಅದು ನ್ಯಾಯವಾದ ಪ್ರಶ್ನೆ. ಯಾವ ಕಾಡಾದರೂ ಸರಿ. ಆದರೆ ಕಳಿಸುವಾಗ ಒಂದೇ ಹಿಂಡಿನ ಅಕ್ಕತಂಗಿಯರನ್ನು ಹಿಡಿದು ಕಳಿಸಬಾರದು. ಇರುವ ಸ್ವಲ್ಪ ವೈವಿಧ್ಯವೂ ಅಲ್ಲಿಗೆ ಹೋಗಬೇಕು ಅಂದರೆ ಬೇರೆ ಬೇರೆ ಭಾಗದ ಹಿಂಡುಗಳಿಂದ ಡಿಎನ್‌ಎ ನೋಡಿ ಆರಿಸಬೇಕು. ಪಿಪೆಟ್ ಅವರೇ, ಇದು ಆಗುವ ಕೆಲಸವೇ?

ಪಿಪೆಟ್

ಆಗುತ್ತದೆ. ಸಿಂಹವನ್ನು ಹಿಡಿಯುವುದೂ ಬೇಕಿಲ್ಲ. ಬಿಸಿಲಿಗೆ ಒಣಗುವ ಮೊದಲು ಮಲ ಸಿಕ್ಕರೆ ಅದರ ಹೊರಮೈಯನ್ನು ಮೆಲ್ಲಗೆ ಕೆರೆದುಕೊಳ್ಳಬೇಕು. ಕರುಳಿನ ಒಳಗೋಡೆಯ ಜೀವಕೋಶಗಳು ಅಲ್ಲಿ ಅಂಟಿಕೊಂಡಿರುತ್ತವೆ. ಒಳಗಿನದ್ದನ್ನು ತೆಗೆದರೆ ಅದು ತಿಂದ ಜಿಂಕೆಯ ಡಿಎನ್‌ಎಯೇ ಜಾಸ್ತಿ ಬರುತ್ತದೆ. ಮೊದಲ ಸಲ ಹೋಗುವವರು ಅಲ್ಲೇ ತಪ್ಪುತ್ತಾರೆ. ಮೂರನೇ ಬೆಂಚು, ನಿಮಗೆ ಆಸಕ್ತಿ ಇದ್ದರೆ ಹೇಳಿ, ಕೆರೆಯುವುದು ಹೇಗೆ, ಮಾದರಿ ಕೆಡದ ಹಾಗೆ ಇಡುವುದು ಹೇಗೆ ಅಂತ ನಾಳೆ ಬಿಡಿಸಿ ಬರೆಯುತ್ತೇನೆ.

ಮೂರನೇ ಬೆಂಚು

ಬರೆಯಿರಿ ಮೇಡಂ. ಕಾಯುತ್ತಿರುತ್ತೇನೆ.